ಶುಂಠಿ ಗದ್ದೆಯಂಚಿನ 31 ಗಿಡ: ಒಂದು ಗಾಂಜಾ ಪ್ರಕರಣದ ಅಧ್ಯಯನ

ಶರಾವತಿ ಹಿನ್ನೀರಿನ ಕಡೆಯ ಒಂದು ಕೂಡುಕುಟುಂಬದ ಪ್ರಕರಣ ಇದು. ಊರು, ವಯಸ್ಸು, ವಿಸ್ತೀರ್ಣ, ತೂಕಗಳನ್ನು ಬದಲಿಸಿದೆ. ಇದೇ ಬಗೆಯ ಬೇರೆ ಪ್ರಕರಣಗಳ ಎಳೆಗಳನ್ನೂ ಸೇರಿಸಿದೆ, ಯಾರ ಗುರುತೂ ಹತ್ತದಿರಲಿ ಎಂದು. ಮುಖ್ಯವಾಗಿ ಬರುವ ಇಬ್ಬರನ್ನು ಅಣ್ಣ, ತಮ್ಮ ಎಂದಷ್ಟೇ ಕರೆದಿದೆ. ಬದಲಿಸದೆ ಉಳಿಸಿಕೊಂಡದ್ದು ಎಡವಿದ ಜಾಗಗಳನ್ನು ಮಾತ್ರ.

ಹಿನ್ನೆಲೆ

ಅಣ್ಣನಿಗೆ ಐವತ್ತರ ಹತ್ತಿರ. ಮೂರು ಎಕರೆ ಅಡಿಕೆ ತೋಟ, ಅದರ ಕೆಳಗೆ ಒಂದೂವರೆ ಎಕರೆ ಗದ್ದೆ, ಮೇಲ್ಭಾಗದಲ್ಲಿ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನಬೆಟ್ಟ. ಹಿಸ್ಸೆ ಆಗಿಲ್ಲ, ತಂದೆ ತೀರಿಕೊಂಡ ಮೇಲೆ ಪಹಣಿ ಅಣ್ಣನ ಹೆಸರಿಗೆ ಬಂದಿತ್ತು. ಭತ್ತ ಗಿಟ್ಟದೆ ಗದ್ದೆಯನ್ನು ಒಂದು ಹಂಗಾಮಿಗೆ ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ಹೊರಗಿನ ಬೆಳೆಗಾರ, ಬಾಯಿಮಾತಿನ ಒಪ್ಪಂದ, ಎಕರೆಗೆ ಇಷ್ಟು ಎಂದು ಮುಂಗಡ. ಕಾಗದ ಇಲ್ಲ. ಮಲೆನಾಡಿನಲ್ಲಿ ಶುಂಠಿ ಗುತ್ತಿಗೆ ಬಹುಪಾಲು ಹೀಗೇ ನಡೆಯುವುದು.

ತಮ್ಮ ಹದಿನೈದು ವರ್ಷ ಚಿಕ್ಕವ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು ಕೋವಿಡ್ ಕಾಲದಲ್ಲಿ ಊರಿಗೆ ಬಂದು ಇಲ್ಲೇ ಉಳಿದ. ದಿನವೂ ಸೇದುವ ಅಭ್ಯಾಸ ಅಲ್ಲಿಂದಲೇ ಬಂದಿತ್ತು. ಬೀಡಿಯ ಹೊಗೆಸೊಪ್ಪು ಉದುರಿಸಿ, ಗಾಂಜಾ ಬೆರೆಸಿ ಮತ್ತೆ ತುಂಬುವುದು, ದಿನಕ್ಕೆ ನಾಲ್ಕೈದು ಬಾರಿ. ಮೊದಲು ಪೇಟೆಯಿಂದ ತರುತ್ತಿದ್ದ. ಆಮೇಲೆ ಪೇಟೆಯವನೇ ಬೀಜ ಕೊಟ್ಟ, ‘ನಿನಗೆ ಬೇಕಾದಷ್ಟು ಇಟ್ಟುಕೋ, ಉಳಿದದ್ದು ನನಗೆ’ ಎಂದ. ಜೂನ್ ಕೊನೆಗೆ ಬೀಜ ಬಿತ್ತು. ಒಂದು ಮೀಟರ್ ಏಳುವ ಶುಂಠಿ ಆಳೆತ್ತರದ ಗಿಡವನ್ನು ಮುಚ್ಚುವುದಿಲ್ಲ. ಹಾಗಾಗಿ ಗದ್ದೆಯ ಮೇಲಂಚಿನಲ್ಲಿ, ಧರೆಗೂ ಸೊಪ್ಪಿನಬೆಟ್ಟಕ್ಕೂ ನಡುವಿನ ಕುರುಚಲು ಗಿಡಗಳ ಮರೆಯಲ್ಲಿ ನೆಟ್ಟಿದ್ದ. ನೀರು ತೋಟದ ಕೆರೆಯ ಪೈಪಿನಿಂದ.

ಅಣ್ಣನ ಕಣ್ಣಿಗೆ ಬಿದ್ದದ್ದು

ಸೆಪ್ಟೆಂಬರ್‌ನಲ್ಲಿ, ಮಳೆ ಹೊಳವಾದಾಗ, ಸೊಪ್ಪಿಗೆ ಹೋದ ಅಣ್ಣ ಗಿಡಗಳನ್ನು ನೋಡಿದರು. ಪ್ರಕರಣದ ಮೊದಲ ತಿರುವು ಇದು. ಪೊಲೀಸರು ಬರಲು ಇನ್ನೂ ಎರಡು ತಿಂಗಳಿತ್ತು.

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 46ನೇ ಕಲಂ ಜಮೀನುದಾರನಿಗೆ ಒಂದು ಹೊಣೆ ಹೊರಿಸುತ್ತದೆ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಗಿಡ ಬೆಳೆದಿರುವುದು ಗೊತ್ತಾದರೆ ಕೂಡಲೇ ಪೊಲೀಸರಿಗೋ ಕಾಯ್ದೆ ಹೆಸರಿಸಿದ ಇತರ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಇದೆ. ಈ ಕಲಂ ಇದೆಯೆಂದೇ ರೈತರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಒಡಹುಟ್ಟಿದವನನ್ನು ಠಾಣೆಗೆ ಒಪ್ಪಿಸುವವರು ಎಷ್ಟು ಮಂದಿ?

ಅಣ್ಣ ಕೈಗೆ ಸಿಕ್ಕ ಹತ್ತು ಹನ್ನೆರಡು ಗಿಡ ಕಿತ್ತು ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿಗೆ ಹಾಕಿದರು. ರಾತ್ರಿ ಜಗಳವಾಯಿತು. ಸೋದರಮಾವ ಬಂದರು. ‘ಮನೆ ಮರ್ಯಾದೆ ಬೀದಿಗೆ ಬರುತ್ತೆ ಕಣೋ, ಸಿಗಂದೂರಿಗೆ ಹೋಗಿ ಅಮ್ಮನ ಮುಂದೆ ಆಣೆ ಮಾಡು, ಅಷ್ಟು ಸಾಕು’ ಎಂದರು. ಲಾಂಚಿನಲ್ಲಿ ಹಿನ್ನೀರು ದಾಟಿ ಹೋಗಿ ತಮ್ಮ ಆಣೆ ಮಾಡಿಯೂ ಬಂದ. ಉಳಿದ ಗಿಡಗಳನ್ನು ತಾನೇ ಕೀಳುತ್ತೇನೆಂದ.

ಆಣೆ ನಿಂತದ್ದು ಹತ್ತು ದಿನ. ಅವನು ಮೋಸ ಮಾಡಿದ ಎಂದು ಮನೆಯವರು ತಿಳಿದರು. ನಡೆದದ್ದು ಬೇರೆ. ವರ್ಷಗಟ್ಟಲೆ ದಿನವೂ ಸೇದಿದವನು ದಿಢೀರನೆ ಬಿಟ್ಟರೆ ಒಂದರಿಂದ ಮೂರು ದಿನದೊಳಗೆ ಚಟ ಬಿಟ್ಟಾಗಿನ ಲಕ್ಷಣಗಳು ಶುರುವಾಗುತ್ತವೆ: ನಿದ್ದೆ ಬಾರದಿರುವುದು, ಬಂದರೆ ಕೆಟ್ಟ ಕನಸು, ಸಿಡುಕು, ಹಸಿವಿಲ್ಲದಿರುವುದು, ಬೆವರು. ಮೊದಲ ವಾರದಲ್ಲೇ ಇವು ಜೋರು, ಎರಡು ಮೂರು ವಾರಕ್ಕೆ ಇಳಿಯುತ್ತವೆ. ಜೀವಕ್ಕೆ ಅಪಾಯವಿಲ್ಲ, ಆದರೆ ಬಿಟ್ಟವನಿಗೆ ಅದು ಎಂದೂ ಮುಗಿಯದು ಅನ್ನಿಸುತ್ತದೆ. ಇವನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಗಾಂಜಾ ಜೊತೆಗೆ ಬೀಡಿಯನ್ನೂ ಬಿಟ್ಟಿದ್ದರಿಂದ ನಿಕೋಟಿನ್ ಬಿಟ್ಟಾಗಿನ ಕಾಟವೂ ಅದೇ ವಾರ ಮೇಲೆ ಬಿತ್ತು. ಹೊಗೆಸೊಪ್ಪು ಬೆರೆಸಿ ಸೇದುವವರಲ್ಲಿ ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಆಣೆ ಮುರಿದ, ದೇವಿ ಮುನಿದಳು’ ಎಂಬ ಮಾತು ಮನೆಯಲ್ಲಿ ಹುಟ್ಟಿದ್ದೇ ಆ ಒಂಬತ್ತನೆಯ, ಹತ್ತನೆಯ ರಾತ್ರಿಗಳಲ್ಲಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಕರೆದೊಯ್ಯಿರಿ ಎಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಹೋಗಲಿಲ್ಲ. ಆಸ್ಪತ್ರೆಯ ಚೀಟಿ ಠಾಣೆಗೆ ಹೋಗುತ್ತದೆ ಎಂಬ ಭಯ. ವಾಸ್ತವದಲ್ಲಿ ಇದೇ ಕಾಯ್ದೆಯ 64ಎ ಕಲಂ ವ್ಯಸನಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ. ಆದರೆ ಆ ಬಾಗಿಲು ಸೇದುವವನಿಗೆ ಮಾತ್ರ. ಗಿಡ ನೆಟ್ಟವನಿಗೆ ಇಲ್ಲ.

ದಾಳಿ, ತೂಕ

ನವೆಂಬರ್‌ನಲ್ಲಿ, ಗಿಡಗಳು ಹೂತುದಿ ಬಿಟ್ಟಿದ್ದಾಗ, ಪೊಲೀಸರು ಬಂದರು. ಮಾಹಿತಿ ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ. ಪತ್ರಾಂಕಿತ ಅಧಿಕಾರಿ, ಇಬ್ಬರು ಪಂಚರ ಎದುರು ಮಹಜರು. 31 ಗಿಡ ಬೇರುಸಮೇತ ಕಿತ್ತು, ಮಣ್ಣು ಕೊಡವಿದಷ್ಟು ಕೊಡವಿ, ಗೋಣಿಚೀಲಕ್ಕೆ ತುಂಬಿ ತೂಗಿದರು. 24 ಕಿಲೋ 600 ಗ್ರಾಂ.

ಮುಂದಿನ ನಾಲ್ಕು ತಿಂಗಳು ನಿಂತದ್ದು ಈ ಅಂಕಿಯ ಮೇಲೆ. ಗಾಂಜಾದಲ್ಲಿ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋಗಿಂತ ಹೆಚ್ಚಾದರೆ ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕೆ ಗರಿಷ್ಠ 1 ವರ್ಷ. ನಡುವಿನದಕ್ಕೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ, ಗರಿಷ್ಠ 20, ಜೊತೆಗೆ 1ರಿಂದ 2 ಲಕ್ಷ ರೂಪಾಯಿ ದಂಡ. ವಾಣಿಜ್ಯ ಎಂದಾದ ಕೂಡಲೇ 37ನೇ ಕಲಂ ಎದ್ದು ನಿಲ್ಲುತ್ತದೆ. ಆರೋಪಿ ತಪ್ಪಿತಸ್ಥನಲ್ಲ, ಹೊರಗೆ ಬಂದರೆ ಮತ್ತೆ ತಪ್ಪು ಮಾಡುವುದಿಲ್ಲ ಎಂದು ನಂಬಲು ಆಧಾರವಿದೆ ಅಂತ ನ್ಯಾಯಾಲಯಕ್ಕೆ ಅನ್ನಿಸಿದರೆ ಮಾತ್ರ ಜಾಮೀನು. ತನಿಖೆಯ ಗಡುವೂ 180 ದಿನಕ್ಕೆ ಹಿಗ್ಗುತ್ತದೆ.

ಆದರೆ ಕಾಯ್ದೆ ‘ಗಾಂಜಾ’ ಎಂದು ಕರೆಯುವುದು ಇಡೀ ಗಿಡವನ್ನಲ್ಲ. 2ನೇ ಕಲಂನ ವ್ಯಾಖ್ಯೆಯಂತೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ ಗಾಂಜಾ. ತುದಿ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಹೊರಗುಳಿದದ್ದೂ ಇದರಿಂದಲೇ. ತುದಿಯೊಂದಿಗೆ ಇರುವ ಎಲೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಸರ್ಕಾರಿ ವಕೀಲರು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಬೇರು, ಕೋಲಿನಂಥ ಕಾಂಡ, ಮಲೆನಾಡಿನ ಜಿಗುಟು ಕೆಮ್ಮಣ್ಣು? 31 ಗಿಡದ ಹಸಿ ತೂಕದಲ್ಲಿ ಹೆಚ್ಚಿನ ಪಾಲು ಅವುಗಳದ್ದೇ. ಸ್ಥಳದಲ್ಲೇ ತುದಿಗಳನ್ನು ಬಿಡಿಸಿ ಬೇರೆಯಾಗಿ ತೂಗಿದ್ದರೆ 20 ಕಿಲೋ ದಾಟುವ ಮಾತೇ ಇರಲಿಲ್ಲ. ಅದಕ್ಕೆ ಬೇಕಿದ್ದದ್ದು ಎರಡು ಕತ್ತರಿ, ಇನ್ನೊಂದು ತಾಸು.

ಎರಡನೇ ಎಡವಟ್ಟು ದಾಸ್ತಾನಿನದು. ನವೆಂಬರ್‌ನ ಥಂಡಿಯಲ್ಲಿ ಹಸಿ ಗಿಡವನ್ನು ಗೋಣಿಯಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ. 52ಎ ಕಲಂನಂತೆ ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿ, 24 ಗ್ರಾಂನಂತೆ ಜೋಡಿ ಮಾದರಿ ತೆಗೆಯುವ ಹೊತ್ತಿಗೆ ಕೆಲವು ವಾರ ಕಳೆದಿತ್ತು. ಆಗ ತೂಗಿದರೆ ಒಂಬತ್ತು ಚಿಲ್ಲರೆ ಕಿಲೋ. ಒಣಗಿದೆ ಎಂದರು ಪೊಲೀಸರು. ಸರಿಯೇ, ಹಸಿ ಗಿಡ ಒಣಗಿದರೆ ಮುಕ್ಕಾಲು ಪಾಲು ತೂಕ ಕಳೆದುಕೊಳ್ಳುವುದೂ ಉಂಟು. ಹಾಗಾದರೆ ಕಾಯ್ದೆಯ 20 ಕಿಲೋ ಹಸಿಯದೋ ಒಣಗಿದ್ದೋ ಎಂದರು ವಕೀಲರು. ಪ್ರಯೋಗಾಲಯಕ್ಕೆ ಹೋದ ಮಾದರಿ ತುದಿಗಳದ್ದು, ‘ಗಾಂಜಾ ಹೌದು’ ಎಂಬ ವರದಿ ಬಂತು. ಆ ವರದಿ 24 ಗ್ರಾಂಗೆ ಸಾಕ್ಷಿ, ಬೇರಿಗೂ ಮಣ್ಣಿಗೂ ಅಲ್ಲ.

ಅಣ್ಣನ ಹೇಳಿಕೆ

ಪಹಣಿಯ 9ನೇ ಕಾಲಂನಲ್ಲಿ ಮಾಲೀಕನೆಂದು ಅಣ್ಣನ ಹೆಸರು, ಸಾಗುವಳಿದಾರರ 12ನೇ ಕಾಲಂನಲ್ಲೂ ಅವರದೇ. ಬಾಯಿಮಾತಿನ ಗುತ್ತಿಗೆಗೆ ಅಲ್ಲಿ ಜಾಗವಿಲ್ಲ. ಠಾಣೆಯಲ್ಲಿ ಅಣ್ಣ ‘ಗದ್ದೆ ಶುಂಠಿಯವರ ಕೈಯಲ್ಲಿದೆ, ಅವರ ಕೆಲಸದವರು ನೆಟ್ಟಿರಬೇಕು’ ಎಂದು ಬರೆದುಕೊಟ್ಟರು. ತಮ್ಮನನ್ನು ಉಳಿಸುವ ಆಸೆ. ಶೆಡ್ಡಿನಲ್ಲಿದ್ದ ಕೂಲಿಗಳನ್ನು ವಿಚಾರಣೆಗೆ ಕರೆದೊಯ್ದರು, ಉಳಿದವರು ಹೆದರಿ ಊರು ಬಿಟ್ಟರು, ಕೀಳಬೇಕಿದ್ದ ಶುಂಠಿ ಹಾಗೇ ಉಳಿಯಿತು.

ಮಾತು ಹೆಚ್ಚು ದಿನ ನಿಲ್ಲಲಿಲ್ಲ. ಶುಂಠಿಯ ಹನಿ ನೀರಾವರಿ ಪೈಪು ಗಿಡಗಳಿಂದ ಮೂವತ್ತು ಅಡಿ ಈಚೆಗೇ ಮುಗಿದಿತ್ತು. ಗಿಡಗಳಿಗೆ ಬಂದಿದ್ದ ಪೈಪು ತೋಟದ ಕೆರೆಯದು. ಬೆಳೆ ಸಮೀಕ್ಷೆಯ ಫೋಟೋದಲ್ಲಿ ಶುಂಠಿ ಮಡಿ ಎಲ್ಲಿ ಕೊನೆಯಾಗುತ್ತದೆ ಎಂಬುದು ಜಿಪಿಎಸ್ ಗುರುತಿನೊಂದಿಗೆ ಇತ್ತು. ಕೊನೆಗೆ ಗೊಬ್ಬರದ ಗುಂಡಿಯಲ್ಲಿ ಒಣಗಿದ ಕಾಂಡಗಳು ಸಿಕ್ಕವು. ಕಿತ್ತು ಹಾಕಿದ್ದು ಒಳ್ಳೆಯ ಉದ್ದೇಶದಿಂದಲೇ. ದಾಖಲೆಯಲ್ಲಿ ಮಾತ್ರ ಅದು ಅಣ್ಣನಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಪುರಾವೆಯಾಯಿತು. ಇಬ್ಬರೂ ಆರೋಪಿಗಳಾದರು. ಬೀಜ ಕೊಟ್ಟ ಪೇಟೆಯವನು ಯಾವ ಕಾಗದದಲ್ಲೂ ಇಲ್ಲ.

ವಿಶೇಷ ನ್ಯಾಯಾಲಯ 24.6 ಕಿಲೋ ನೋಡಿ ಇಬ್ಬರಿಗೂ ಜಾಮೀನು ನಿರಾಕರಿಸಿತು. ಹೈಕೋರ್ಟ್‌ನಲ್ಲಿ ವಕೀಲರು ವ್ಯಾಖ್ಯೆಯನ್ನೂ ತೂಕದ ಮಹಜರನ್ನೂ ಎದುರುಬದುರಾಗಿ ಇಟ್ಟರು. ವಾಣಿಜ್ಯ ಪ್ರಮಾಣ ಎನ್ನುವುದು ಮೇಲುನೋಟಕ್ಕೇ ಅನುಮಾನ ಎಂದಾಗಿ ಜಾಮೀನು ಸಿಕ್ಕಿತು. ಅಷ್ಟರಲ್ಲಿ ನಾಲ್ಕು ತಿಂಗಳು. ಕೃಷಿಗೆ ಅನ್ವಯಿಸುವ 20(ಎ) ಕಲಮನ್ನಷ್ಟೇ ಮೊದಲೇ ಹಾಕಿದ್ದರೆ ಶಿಕ್ಷೆ 10 ವರ್ಷದವರೆಗೆ ಇರುತ್ತಿತ್ತು, 37ನೇ ಕಲಂನ ಅಡ್ಡಿ ಇರುತ್ತಿರಲಿಲ್ಲ, ತನಿಖೆಯ ಗಡುವು 60 ದಿನವಿರುತ್ತಿತ್ತು. ಗಿಡ ಅದೇ, ಜನ ಅವರೇ.

ಆ ನಾಲ್ಕು ತಿಂಗಳು ಯಾವುದು ಎಂಬುದೂ ಮುಖ್ಯ. ಮಲೆನಾಡಿನಲ್ಲಿ ನವೆಂಬರ್‌ನಿಂದ ಅಡಿಕೆ ಕೊಯ್ಲು. ಕೊನೆಗಾರ, ಸುಲಿಗೆ, ಬೇಯಿಸುವ ಹಂಡೆ, ಎಲ್ಲಕ್ಕೂ ಯಜಮಾನ ಅಂಗಳದಲ್ಲಿರಬೇಕು. ಅತ್ತಿಗೆ ಒಬ್ಬರೇ ನಿಭಾಯಿಸಲಾರದೆ ಫಸಲನ್ನು ಮರದ ಮೇಲೇ ಚೇಣಿದಾರನಿಗೆ ಕೊಟ್ಟರು. ಅವಸರದ ಚೇಣಿ, ಅವನು ಹೇಳಿದ್ದೇ ರೇಟು. ಒಂದು ದಿನವೂ ಗಾಂಜಾ ಮುಟ್ಟದ ಅಣ್ಣನ ಮಗಳ ಕಾಲೇಜು ಫೀಸು ಆ ವರ್ಷ ಸಹಕಾರ ಸಂಘದ ಸಾಲದಿಂದ ಹೋಯಿತು.

ಚಿಕಿತ್ಸೆ: ಕೊನೆಗೆ ಬಂದದ್ದು

ಚಟ ಬಿಟ್ಟಾಗಿನ ಲಕ್ಷಣಗಳನ್ನು ತಮ್ಮ ಜೈಲಿನಲ್ಲಿ ಔಷಧಿಯಿಲ್ಲದೆ ದಾಟಿದ. ಹೊರಬಂದಾಗ ಬಿಟ್ಟು ನಾಲ್ಕು ತಿಂಗಳು. ವಾಸಿಯಾಗಿದೆ ಎಂದು ಎಲ್ಲರೂ ತಿಳಿದರು. ಆರು ವಾರದಲ್ಲಿ ಮತ್ತೆ ಸೇದಿದ. ಬಲವಂತದ ಬಿಡುವು ಚಟವನ್ನು ಒಂದಷ್ಟು ದಿನ ನಿಲ್ಲಿಸುತ್ತದೆ, ಅಷ್ಟೇ. ಸಂಜೆ ಆರರಿಂದ ಹತ್ತರವರೆಗೆ ಏನು ಮಾಡಬೇಕು ಎಂಬುದನ್ನು ಅದು ಕಲಿಸುವುದಿಲ್ಲ.

ಈಗ ಮುಚ್ಚಿಡಲು ಮರ್ಯಾದೆ ಉಳಿದಿರಲಿಲ್ಲ. ಅತ್ತಿಗೆಯೇ ಮಂಗಳವಾರ ಕರೆದುಕೊಂಡು ಹೋದರು. ಗಾಂಜಾ ಬಿಡಿಸುವುದಕ್ಕೆಂದೇ ಅನುಮೋದಿತ ಮಾತ್ರೆ ಯಾವುದೂ ಇಲ್ಲ, ಮನೆಯವರು ಮೊದಲು ಒಪ್ಪಬೇಕಾದ ಸಂಗತಿ ಇದು. ಮನೋವೈದ್ಯರು ಮಾಡಿದ್ದು ಇಷ್ಟು: ನಿದ್ದೆಗೆ ಸ್ವಲ್ಪ ದಿನದ ಔಷಧಿ, ಹೊಗೆಸೊಪ್ಪಿಗೆ ಬದಲಾಗಿ 2 ಮಿಲಿಗ್ರಾಂ ನಿಕೋಟಿನ್ ಗಮ್, ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಜೊತೆಗೆ ಎಚ್ಚರಿಕೆಯಿಂದ ಒಂದು ಪ್ರಶ್ನೆ: ಯಾರೋ ಹಿಂಬಾಲಿಸುತ್ತಿದ್ದಾರೆ, ಕಿವಿಯಲ್ಲಿ ಮಾತು ಕೇಳುತ್ತದೆ ಎಂದು ಎಂದಾದರೂ ಅನ್ನಿಸಿತ್ತೇ? ಇಲ್ಲವೆಂದ. ಈ ಪ್ರಶ್ನೆ ಕೇಳಲೇಬೇಕು. ಹದಿಹರೆಯದಲ್ಲಿ ಶುರು ಮಾಡಿ, ಕಡು ಗಾಂಜಾವನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚು, ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ‘ಗಿಡಮೂಲಿಕೆ ತಾನೇ’ ಎನ್ನುವವರು ಈ ಭಾಗವನ್ನು ಹಾರಿಸಿ ಓದುತ್ತಾರೆ.

ಎರಡನೇ ವಾರ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಅಣ್ಣ ಔಷಧಿ ಅಂಗಡಿಯಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಪರೀಕ್ಷಿಸಿದರು. ಪಾಸಿಟಿವ್ ಬಂತು. ‘ಮನೆ ಬಿಟ್ಟು ನಡಿ’ ಎಂದರು. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಕೂತಿರುತ್ತದೆ. ಒಮ್ಮೆ ಸೇದಿದವರ ಮೂತ್ರದಲ್ಲಿ ಮೂರು ದಿನದ ಆಚೆಗೆ ಸಿಗದಿರಬಹುದು, ದಿನವೂ ಸೇದುತ್ತಿದ್ದವರಲ್ಲಿ ಬಿಟ್ಟ ಮೇಲೂ ಒಂದು ತಿಂಗಳವರೆಗೆ ಸಿಗಬಹುದು. ಎರಡನೇ ವಾರದ ಪಾಸಿಟಿವ್ ಮತ್ತೆ ಸೇದಿದ್ದಕ್ಕೆ ಸಾಕ್ಷಿಯಲ್ಲ. ಆಪ್ತಸಮಾಲೋಚಕರು ಫೋನಿನಲ್ಲೇ ಇದನ್ನು ಬಿಡಿಸಿ ಹೇಳಿದ ಮೇಲೆ ಮನೆ ತಣ್ಣಗಾಯಿತು.

ಮುಂದಿನ ಕೊಯ್ಲಿನಲ್ಲಿ ಮತ್ತೆ ಜಾರಿದ. ರಾತ್ರಿಯ ಸುಲಿಗೆ, ಕೈಯಲ್ಲಿ ದುಡ್ಡು, ಹಳೆಯ ಗೆಳೆಯರು. ಈ ಸಲ ಮೂರೇ ದಿನದಲ್ಲಿ ತಾನೇ ಫೋನ್ ಮಾಡಿದ. ಗಾಂಜಾ ಕಡಿಮೆಯಾದಂತೆ ಕುಡಿತ ಹೆಚ್ಚಿತು ಎಂಬುದನ್ನೂ ಬರೆಯಲೇಬೇಕು. ಅದು ಪರವಾನಗಿ ಇರುವ ಅಂಗಡಿಯಲ್ಲಿ ಸಿಗುತ್ತದೆ, ಯಾವ ಕಲಮೂ ಬೀಳುವುದಿಲ್ಲ.

ಊರಿನ ಚರ್ಚೆ

ಪ್ರಕರಣದ ನಂತರ ಸೊಸೈಟಿ ಜಗಲಿಯಲ್ಲಿ ನಡೆದ ಮಾತುಗಳಲ್ಲಿ ದೇಶದ ವಾದಗಳೆಲ್ಲ ಬಂದುಹೋದವು. ‘ಮೊದಲು ಇದು ಅಬಕಾರಿ ಲೆಕ್ಕದಲ್ಲೇ ಇತ್ತಲ್ಲ, ಬೈರಾಗಿಗಳು ಸೇದುತ್ತಿದ್ದರು, ಊರೇನು ಮುಳುಗಿತ್ತೇ’ ಎಂದರು ಹಿರಿಯರೊಬ್ಬರು. ಉತ್ತರಾಖಂಡದ ಹಾಗೆ ನಾರಿನ ಗಾಂಜಾಕ್ಕೆ ಪರವಾನಗಿ ಕೊಡಲಿ ಎಂದ ಶುಂಠಿಯಲ್ಲಿ ಕೈಸುಟ್ಟುಕೊಂಡ ಯುವಕ. ‘ಸಾರಾಯಿ ಅಂಗಡಿ ಮಾಡಿದ್ದು ಸಾಕು, ಇದೂ ಬೇಡ’ ಎಂದರು ಸ್ತ್ರೀಶಕ್ತಿ ಸಂಘದವರು.

ಮೂವರ ಮಾತಿನಲ್ಲೂ ತೂಕವಿದೆ, ಆದರೆ ಮೂವರೂ ಮಾತಾಡುತ್ತಿದ್ದದ್ದು ಬೇರೆ ಬೇರೆ ವಿಷಯ. ನಾರಿನ ಗಾಂಜಾ ಮಾದಕವೇ ಅಲ್ಲ. ಅದರಲ್ಲಿ ಮತ್ತೇರಿಸುವ ಟಿಎಚ್‌ಸಿ ಅಂಶ ಶೇ. 0.3 ಮೀರಬಾರದು, ಮೀರಿದರೆ ಬೆಳೆಯನ್ನೇ ನಾಶ ಮಾಡಬೇಕು. ಪರೀಕ್ಷೆಗೆ ತಾಲ್ಲೂಕಿನಲ್ಲಿ ಪ್ರಯೋಗಾಲಯ ಬೇಕು. ನೀರು ನಿಂತರೆ ಅದರ ಬೇರು ಕೊಳೆಯುತ್ತದೆ, ನಮ್ಮ ಜೂನ್–ಜುಲೈ ಮಳೆಯಲ್ಲಿ ಶುಂಠಿಯೇ ಕೊಳೆಯುವ ಗದ್ದೆಗೆ ಇದು ಉತ್ತರವಲ್ಲ. ಸ್ತ್ರೀಶಕ್ತಿ ಸಂಘದವರ ಅಂದಾಜಿಗೆ ಅಂಕಿಯ ಬೆಂಬಲವಿದೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ, ಭಂಗಿಯೂ ಸೇರಿ ಗಾಂಜಾ ಬಗೆಯವನ್ನು ಬಳಸುವವರು 3.1 ಕೋಟಿ. ಅಂಗಡಿ ಪಕ್ಕದಲ್ಲಿದ್ದರೆ ಬಳಕೆ ಹರಡುತ್ತದೆ. ಕಾನೂನು ಸಿದ್ಧವಿಲ್ಲದೆ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದನ್ನು ಥಾಯ್ಲೆಂಡ್ ತೋರಿಸಿದೆ: 2022ರ ಜೂನ್‌ನಲ್ಲಿ ಗಾಂಜಾವನ್ನು ಪಟ್ಟಿಯಿಂದ ತೆಗೆದರು, ಬೀದಿಬೀದಿಯಲ್ಲಿ ಅಂಗಡಿ ಎದ್ದವು, 2025ರಲ್ಲಿ ಮತ್ತೆ ವೈದ್ಯರ ಚೀಟಿಗೆ ಕಟ್ಟಿದರು.

ಈ ಪ್ರಕರಣ ಎತ್ತಿ ತೋರಿಸುವುದು ಬೇರೊಂದು ಸಂದು. ಪೇಟೆಯಿಂದ ಅಲ್ಪ ಪ್ರಮಾಣ ಕೊಂಡವನಿಗೆ ಗರಿಷ್ಠ 1 ವರ್ಷ, ಸೇವನೆಗೆ ಗರಿಷ್ಠ 6 ತಿಂಗಳು, ಚಿಕಿತ್ಸೆಗೆ ಹೋದರೆ ವಿನಾಯಿತಿಯ ದಾರಿ. ಅದೇ ಮನುಷ್ಯ ಹಿತ್ತಲಲ್ಲಿ ಒಂದೇ ಗಿಡ ನೆಟ್ಟರೆ 10 ವರ್ಷದವರೆಗೆ, ವಿನಾಯಿತಿ ಇಲ್ಲ. ಏಕೆಂದರೆ 20(ಎ)ಗೆ ಅಲ್ಪ ಪ್ರಮಾಣ ಎಂಬುದೇ ಇಲ್ಲ. ಸೇದುವವನನ್ನು ಕಾಯ್ದೆ ವ್ಯಾಪಾರಿಯ ಕಡೆಗೇ ತಳ್ಳಿದಂತಾಯಿತು. ಬೇರೆ ದೇಶಗಳು ಇದನ್ನು ತಿರುಗುಮುರುಗು ಮಾಡಿವೆ. 2018ರಿಂದ ಕೆನಡಾದ ಕಾಯ್ದೆ ಮನೆಗೆ 4 ಗಿಡ, 2024ರ ಏಪ್ರಿಲ್‌ನಿಂದ ಜರ್ಮನಿಯದು ವಯಸ್ಕರೊಬ್ಬರಿಗೆ 3 ಗಿಡ ಬಿಟ್ಟಿದೆ. ಉರುಗ್ವೆ ಮನೆಗೆ 6 ಎಂದಿದೆ. ಪೋರ್ಚುಗಲ್ 2001ರಿಂದ ಅಲ್ಪ ಪ್ರಮಾಣ ಇಟ್ಟುಕೊಂಡವರನ್ನು ಕ್ರಿಮಿನಲ್ ನ್ಯಾಯಾಲಯಕ್ಕೆ ಎಳೆಯದೆ ಬೇರೆ ಮಂಡಳಿಯ ಮುಂದೆ ನಿಲ್ಲಿಸುತ್ತದೆ, ಮಾರಾಟ ಮಾತ್ರ ಅಲ್ಲಿ ಇಂದಿಗೂ ಅಪರಾಧ.

ಇವುಗಳಲ್ಲಿ ಯಾವುದು ಇಲ್ಲಿದ್ದರೂ ತಮ್ಮನ ನಿದ್ದೆ, ಸಿಡುಕು, ಕೆಲಸಗೇಡಿತನ ಬದಲಾಗುತ್ತಿರಲಿಲ್ಲ. 31 ಗಿಡ ಈ ದೇಶಗಳ ‘ಸ್ವಂತಕ್ಕೆ’ ಎಂಬ ಮಿತಿಯೊಳಗೆ ಬರುವುದಿಲ್ಲ, ಅವನ ಮೇಲೆ ಮೊಕದ್ದಮೆ ಇದ್ದೇ ಇರುತ್ತಿತ್ತು. ಬದಲಾಗಬಹುದಾಗಿದ್ದದ್ದು ಸೆಪ್ಟೆಂಬರ್. ಆಸ್ಪತ್ರೆಗೆ ಹೋಗಲು ಹೆದರಿಕೆ ಇಲ್ಲದಿದ್ದರೆ ಆಣೆಯ ಬದಲು ಮಂಗಳವಾರದ ಚೀಟಿ ಸಿಗುತ್ತಿತ್ತು. ಹಾಗಾಗಿ ಅಂಗಡಿ ತೆರೆಯುವ ವಾದಕ್ಕಿಂತ ಮೊದಲು ಮೂರು ಸಣ್ಣ ತಿದ್ದುಪಡಿ ಬೇಕೆಂಬುದು ಇದನ್ನು ಬರೆದವರ ಅಭಿಪ್ರಾಯ: ಸ್ವಂತಕ್ಕೆ ಬೆಳೆದ ನಾಲ್ಕಾರು ಗಿಡಕ್ಕೂ ‘ಅಲ್ಪ’ ಎಂಬ ವರ್ಗ, ವಶಪಡಿಸಿಕೊಂಡ ಗಿಡದಲ್ಲಿ ತುದಿಯನ್ನಷ್ಟೇ ತೂಗುವ ಲಿಖಿತ ನಿಯಮ, ಚಿಕಿತ್ಸೆಗೆ ಬಂದ ಜಮೀನುದಾರ ಕುಟುಂಬಕ್ಕೂ 64ಎಯಂಥ ರಕ್ಷಣೆ.

ಈಗ

ದೋಷಾರೋಪ ಪಟ್ಟಿಯಲ್ಲಿ ತಮ್ಮನ ಮೇಲೆ 20(ಎ) ಉಳಿದಿದೆ, ವಾಣಿಜ್ಯ ಪ್ರಮಾಣದ ಆರೋಪ ಬಿದ್ದುಹೋಗಿದೆ. ಗೊಬ್ಬರದ ಗುಂಡಿಯ ಕಾಂಡಗಳಿಂದಾಗಿ ಅಣ್ಣನ ಮೇಲೆ 46ನೇ ಕಲಂ. ಪಂಚರ ಸಾಕ್ಷ್ಯ ನಡೆಯುತ್ತಿದೆ. ತಮ್ಮ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾನೆ, ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ. ಕೂಲಿ ಬಟವಾಡೆಯ ದುಡ್ಡು ಅತ್ತಿಗೆಯ ಕೈಯಲ್ಲೇ ಇರಲಿ ಎಂದು ಅವನೇ ಹೇಳಿದ್ದಾನೆ.

ಗದ್ದೆ ಈ ಸಲವೂ ಶುಂಠಿಗೇ ಹೋಗಿದೆ, ಛಾಪಾ ಕಾಗದದ ಮೇಲೆ. ಸರ್ವೆ ನಂಬರು, ಚಕ್ಕುಬಂದಿ, ಶುಂಠಿ ಮಡಿ ಮುಗಿಯುವ ಗಡಿ, ನೀರಿನ ಮೂಲ, ಕೆಲಸದವರ ಹೆಸರಿನ ಪಟ್ಟಿ, ಅಂಚಿನಲ್ಲಿ ಬೇರೆ ಗಿಡ ಕಂಡರೆ ಯಾರು ಯಾರಿಗೆ ಎಷ್ಟು ದಿನದೊಳಗೆ ಬರೆದು ತಿಳಿಸಬೇಕು ಎಂಬ ಷರತ್ತು, ಇಷ್ಟೂ ಅದರಲ್ಲಿವೆ. ಹೊಸ ಗುತ್ತಿಗೆದಾರ ಸಹಿ ಮಾಡುವ ಮೊದಲು ಕೊನೆಯ ಷರತ್ತನ್ನು ಎರಡು ಸಲ ಓದಿಸಿ ಕೇಳಿಸಿಕೊಂಡ.